“ಎಷ್ಟು ಸಿಗುತ್ತದೆ?” ಎಂದು ಕೇಳುವ ಮೊದಲು

ಕಳೆದ ತಿಂಗಳು ಸಂಬಂಧಿಕರ ಒಂದು ಮದುವೆಯಲ್ಲಿ ಹೆಂಗಸರ ಕಡೆಯ ಹಾಲ್‌ನಲ್ಲಿ ಕೂತಿದ್ದೆವು. ಊಟಕ್ಕೆ ಇನ್ನೂ ತಡ ಇತ್ತು. ಬ್ಯಾಗಿನಲ್ಲಿ ಅರ್ಧ ಹೆಣೆದ ಒಂದು ಟೊಪ್ಪಿ, ನೂಲಿನ ಉಂಡೆ, ಕ್ರೋಶಾ ಕಡ್ಡಿ ಇತ್ತು. ತೆಗೆದು ನಾಲ್ಕು ಸುತ್ತು ಹಾಕುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಟೊಪ್ಪಿಯನ್ನು ಮುಟ್ಟಿ ನೋಡಿದರು. “ಚಂದ ಉಂಟು. ಒಂದಕ್ಕೆ ಎಷ್ಟು ಸಿಗುತ್ತದೆ ಟೀಚರೇ?” ಎಂದು ಕೇಳಿದರು.

ಮಾರಲಿಕ್ಕೆ ಅಲ್ಲ, ತಂಗಿಯ ಮಗನಿಗೆ ಎಂದೆವು. ಅವರಿಗೆ ಸಮಾಧಾನ ಆಗಲಿಲ್ಲ. “ಹಾಗಾದರೆ ಕಣ್ಣು ಯಾಕೆ ಹಾಳು ಮಾಡಿಕೊಳ್ಳುವುದು? ಅಂಗಡಿಯಲ್ಲಿ ಎಷ್ಟು ಬೇಕಾದರೂ ಸಿಗುತ್ತದಲ್ವಾ?” ಎಂದರು. ಸ್ವಲ್ಪ ಹೊತ್ತಿನಲ್ಲಿ ಮಾತು ನಮ್ಮ ಮದ್ರಸದ ಕಡೆಗೆ ತಿರುಗಿತು. ಅಲ್ಲಿ ತಿಂಗಳಿಗೆ ಎಷ್ಟು ಕೊಡುತ್ತಾರೆ ಎಂದು ಕೇಳಿದರು. ಹೇಳಿದೆವು. “ಅಷ್ಟಕ್ಕೆ ಮನೆ, ಮಕ್ಕಳನ್ನು ಬಿಟ್ಟು ಯಾಕೆ ಹೋಗುವುದು ಮಾರಾಯ್ತಿ!”

ಅವರ ಮಾತಿನಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ನಮ್ಮ ಮೇಲಿನ ಕಾಳಜಿಯಿಂದಲೇ ಕೇಳಿದ್ದು. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಒಂದು ವಿಷಯ ತಲೆಯಲ್ಲಿ ಕೂತಿತು. ಹೆಣಿಗೆಗೆ ಎಷ್ಟು ಸಿಗುತ್ತದೆ ಎಂದು ಕೇಳಿದರು, ಪಾಠ ಹೇಳುವುದಕ್ಕೆ ಎಷ್ಟು ಸಿಗುತ್ತದೆ ಎಂದು ಕೇಳಿದರು. ಆ ದಿನ ಬೆಳಿಗ್ಗೆ ನಾವು ಐದು ಜನರಿಗೆ ಪತ್ತಿರ್ ತಟ್ಟಿ, ಮಾಮಿಗೆ ಮಾತ್ರೆ ಕೊಟ್ಟು, ಎರಡು ಬಕೆಟ್ ಬಟ್ಟೆ ಒಗೆದು ಬಂದಿದ್ದೆವು. ಅದಕ್ಕೆ ಎಷ್ಟು ಸಿಗುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ನಮಗೂ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ.

ಈ ವಾರ ಆ ವಿಷಯವನ್ನೇ ಬರೆಯೋಣ ಎಂದುಕೊಂಡೆವು. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ತಿರುಗಿ ಕೆಲಸಕ್ಕೆ ಹೋಗುವ ಹೆಂಗಸರು ನಮ್ಮ ಬ್ಯಾರಿ ಮನೆಗಳಲ್ಲಿ ಈಗ ತುಂಬ ಜನ ಇದ್ದಾರೆ. ಶಾಲೆಗೆ, ಮದ್ರಸಕ್ಕೆ, ಆಸ್ಪತ್ರೆಗೆ, ಬಟ್ಟೆ ಅಂಗಡಿಗೆ. ಅವರು ಹೊರಗೆ ಹೋಗುವುದು ಸರಿಯಾ ತಪ್ಪಾ ಎಂದು ಚರ್ಚೆ ಮಾಡಲಿಕ್ಕೆ ನಮ್ಮಲ್ಲಿ ಜನ ಇದ್ದಾರೆ. ಅವರು ಹೋದ ಮೇಲೆ ಮನೆಯೊಳಗೆ ಎಂತ ಆಗುತ್ತದೆ ಎಂಬುದರ ಬಗ್ಗೆ ಮಾತು ಕಡಿಮೆ.

ಮೊದಲು ನಮ್ಮ ಉಮ್ಮಂದಿರ ಕಥೆ ನೆನಪು ಮಾಡಿಕೊಳ್ಳಬೇಕು. “ಎಷ್ಟು ಸಿಗುತ್ತದೆ” ಎಂಬ ಪ್ರಶ್ನೆ ಹುಟ್ಟಿದ್ದೇ ಅಲ್ಲಿಂದ.

ನಮ್ಮ ಉಮ್ಮ ಬೀಡಿ ಕಟ್ಟಿದವರು. ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಹಾಗೆ ನಮ್ಮ ಮನೆಯೂ ಬೀಡಿಯ ಮೇಲೆಯೇ ನಿಂತಿತ್ತು. ರಾತ್ರಿ ಎಲೆ ನೆನೆಸಿ ಇಡುವುದು, ಬೆಳಿಗ್ಗೆ ಕತ್ತರಿಸುವುದು, ಮೊರವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರೆ ಮಧ್ಯೆ ಮಧ್ಯೆ ಎದ್ದು ಗಂಜಿ ಬೇಯಿಸುವುದು, ಮಗುವನ್ನು ತೊಟ್ಟಿಲಿಗೆ ಹಾಕುವುದು, ಪುನಃ ಬಂದು ಕೂತುಕೊಳ್ಳುವುದು. ಸಂಜೆಯ ಒಳಗೆ ಸಾವಿರ ಆಗಬೇಕು. ಬ್ರಾಂಚಿಗೆ ಕೊಂಡುಹೋದರೆ ಅಲ್ಲಿ ಸರಿ ಇಲ್ಲದ್ದನ್ನು ತೆಗೆದು ಪಕ್ಕಕ್ಕೆ ಹಾಕುತ್ತಿದ್ದರು. ಆ ಬೀಡಿ ಕಟ್ಟಿದ ಸಮಯವೂ ಅದರ ಜೊತೆಗೇ ಕಸಕ್ಕೆ ಹೋದ ಹಾಗೆ.

ಮನೆಯಲ್ಲಿ ಕೂತು ಕಟ್ಟುವ ಈ ಹೆಂಗಸರು ಕಾರ್ಮಿಕರು ಹೌದಾ ಅಲ್ಲವಾ ಎಂಬ ಪ್ರಶ್ನೆ ಕೋರ್ಟಿನವರೆಗೂ ಹೋಯಿತು. ಬೀಡಿ ಕಾರ್ಮಿಕರಿಗಾಗಿ 1966ರಲ್ಲೇ ಕಾನೂನು ಬಂದಿತ್ತು. ಆದರೂ ಮನೆಯಲ್ಲಿ ಕೂತು ಕಟ್ಟುವವರಿಗೂ ಪಿಎಫ್ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1985ರಲ್ಲಿ. ಅಡುಗೆ ಮನೆಯ ಬಾಗಿಲಲ್ಲಿ ಕೂತು ಮಾಡಿದರೂ ಕೆಲಸ ಕೆಲಸವೇ ಎಂದು ದೇಶದ ದೊಡ್ಡ ಕೋರ್ಟಿಗೇ ಹೇಳಬೇಕಾಗಿ ಬಂತು. ಇವತ್ತು ನಮ್ಮ ಉಮ್ಮನ ಕೈಗೆ ತಿಂಗಳಿಗೆ ಬರುವ ಸಣ್ಣ ಪೆನ್ಶನ್ ಆ ಹೋರಾಟದಿಂದ ಸಿಕ್ಕಿದ್ದು.

ಹಾಗೆಯೇ ಕಾಸರಗೋಡಿನ ತಳಂಗರೆಯ ಟೊಪ್ಪಿ. ಕೈಯಲ್ಲಿ ಹೊಲಿದ ಆ ಟೊಪ್ಪಿಗೆ ಗಲ್ಫಿನವರೆಗೆ ಹೆಸರಿತ್ತು. ಅದನ್ನು ಹೊಲಿದವರಲ್ಲಿ ಎಷ್ಟೋ ಮಂದಿ ಮನೆಯೊಳಗಿನ ಹೆಂಗಸರು. ತಲೆಯ ಮೇಲೆ ಟೊಪ್ಪಿ ಇಟ್ಟವರಿಗೆ ಅಂಗಡಿಯ ಹೆಸರು ಗೊತ್ತಿತ್ತು, ಹೊಲಿದವಳ ಹೆಸರು ಗೊತ್ತಿರಲಿಲ್ಲ.

ಇಂಥ ಮನೆಗಳಲ್ಲಿ ಬೆಳೆದವರು ನಾವು. ಹೆಣ್ಣಿನ ಕೈ ಒಂದೋ ದುಡ್ಡಿನ ಕೆಲಸ ಮಾಡಬೇಕು, ಇಲ್ಲದಿದ್ದರೆ ಮನೆಯ ಕೆಲಸ ಮಾಡಬೇಕು. ಬರೀ ಇಷ್ಟಕ್ಕಾಗಿ ಏನಾದರೂ ಮಾಡುವುದು ನಮ್ಮ ಉಮ್ಮಂದಿರಿಗೆ ಊಹೆಗೂ ಬಂದದ್ದಲ್ಲ. ಆದ್ದರಿಂದ ಮದುವೆ ಮನೆಯ ಆ ಹಿರಿಯರ ಪ್ರಶ್ನೆಗೆ ನಮಗೆ ಸಿಟ್ಟು ಬರಲಿಲ್ಲ. ಅವರ ಬೆರಳುಗಳೂ ಬೀಡಿ ಕಟ್ಟಿದ ಬೆರಳುಗಳೇ.

ಇನ್ನು ನಮ್ಮ ವಿಷಯ. ಪಿಯುಸಿ ಮುಗಿಸಿ, ದೀನಿನ ವಿದ್ಯೆ ಕಲಿತು, ಮದುವೆಗೆ ಮೊದಲೇ ಮದ್ರಸದಲ್ಲಿ ಸಣ್ಣ ಮಕ್ಕಳಿಗೆ ಕಲಿಸಲಿಕ್ಕೆ ಶುರು ಮಾಡಿದ್ದೆವು. ಮದುವೆಯ ಮಾತುಕತೆಯಲ್ಲಿ, ಮುಂದೆಯೂ ಕಲಿಸಲಿಕ್ಕೆ ಅಡ್ಡಿ ಇಲ್ಲ ಎಂದು ಆ ಕಡೆಯ ಹಿರಿಯರು ಒಪ್ಪಿದ್ದರು. ಮೊದಲ ಮಗುವಿನ ವರೆಗೆ ಹಾಗೆ ನಡೆಯಿತು. 2006ರಲ್ಲಿ ಎರಡನೆಯ ಮಗು ಹುಟ್ಟಿದಾಗ ಬಿಟ್ಟೆವು. ಬಿಡು ಎಂದು ಯಾರೂ ಹೇಳಲಿಲ್ಲ. ಆದರೆ ಮಗುವನ್ನು ಎರಡು ಗಂಟೆ ನೋಡಿಕೊಳ್ಳುತ್ತೇವೆ ಎಂದು ಕೂಡ ಯಾರೂ ಹೇಳಲಿಲ್ಲ. ಮನೆಯವರು ದಮ್ಮಾಮಿನಲ್ಲಿ ಇದ್ದರು.

ಆ ವರ್ಷಗಳಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಈ ಕ್ರೋಶಾ. ಪಕ್ಕದ ಮನೆಯ ಒಬ್ಬರು ಕಲಿಸಿಕೊಟ್ಟರು. ಇದಕ್ಕೆ ಎರಡು ಸೂಜಿ ಬೇಡ, ಕೊಕ್ಕೆ ಇರುವ ಒಂದೇ ಕಡ್ಡಿ ಸಾಕು. ಟೊಪ್ಪಿಯಾದರೆ ನೆತ್ತಿಯಿಂದ ಶುರು. ಸಣ್ಣದೊಂದು ಉಂಗುರ ಹಾಕಿ ಸುತ್ತು ಸುತ್ತಾಗಿ ಹಿಗ್ಗಿಸುತ್ತಾ ಹೋಗಬೇಕು. ಹಿಗ್ಗಿಸುವಾಗ ಕುಣಿಕೆ ಹೆಚ್ಚಾದರೆ ಅಂಚು ಲಂಗದ ಹಾಗೆ ನೆರಿಗೆ ಬೀಳುತ್ತದೆ, ಕಡಿಮೆಯಾದರೆ ಬಟ್ಟಲಿನ ಹಾಗೆ ಮುದುಡುತ್ತದೆ. ತಲೆಯ ಅಗಲಕ್ಕೆ ಬಂದ ಮೇಲೆ ಹಿಗ್ಗಿಸುವುದನ್ನು ನಿಲ್ಲಿಸಿ ನೇರ ಕೆಳಗೆ ಇಳಿಸಬೇಕು. ನಮ್ಮ ಸೆಕೆಯ ಊರಿಗೆ ಹತ್ತಿಯ ನೂಲೇ ಒಳ್ಳೆಯದು. ಉಲ್ಲನ್ ಏನಿದ್ದರೂ ಮಳೆಗಾಲದಲ್ಲಿ ಹುಟ್ಟಿದ ಮಗುವಿಗೆ. ತಪ್ಪಿದರೆ ಎಳೆದು ಬಿಚ್ಚಿದರಾಯಿತು, ಅದೇ ನೂಲಿನಲ್ಲಿ ಪುನಃ ಹೆಣೆಯಬಹುದು.

ಮಕ್ಕಳು ಮಲಗಿದ ಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ದಿನವಿಡೀ ಮಾಡಿದ ಎಲ್ಲ ಕೆಲಸವೂ ಮರುದಿನ ಪುನಃ ಹೊಸದಾಗಿ ಬಂದು ನಿಲ್ಲುತ್ತದೆ. ತೊಳೆದ ಪಾತ್ರೆ ಕೊಳೆಯಾಗುತ್ತದೆ, ಗುಡಿಸಿದ ಅಂಗಳದಲ್ಲಿ ಎಲೆ ಬೀಳುತ್ತದೆ. ಹೆಣೆದ ಸುತ್ತು ಮಾತ್ರ ಬೆಳಿಗ್ಗೆ ಎದ್ದು ನೋಡಿದರೆ ಅಲ್ಲಿಯೇ ಇರುತ್ತದೆ. ಸಣ್ಣ ಮಕ್ಕಳ ತಾಯಂದಿರಿಗೆ ಈ ಮಾತು ಅರ್ಥ ಆಗುತ್ತದೆ.

2020ರಲ್ಲಿ ಕೊರೋನಾ ಬಂತು. ಮನೆಯವರು ಗಲ್ಫ್ ಕೆಲಸ ಹೋಗಿ ಊರಿಗೆ ಬಂದು ಸಣ್ಣ ಅಂಗಡಿ ಇಟ್ಟರು. ಮರುವರ್ಷ ಮದ್ರಸ ಪುನಃ ತೆರೆದಾಗ ಹೆಣ್ಣು ಮಕ್ಕಳ ತರಗತಿಗೆ ಟೀಚರ್ ಬೇಕಾಗಿತ್ತು. ಹದಿನೈದು ವರ್ಷದ ನಂತರ ತಿರುಗಿ ಹೋದೆವು. ಸಂಬಳ ಕಡಿಮೆಯಾದರೂ ಅದು ಮನೆಗೆ ಬೇಕಿತ್ತು ಎಂಬುದು ಸತ್ಯ. ಮೊದಲ ದಿನ ಹಲಗೆಯ ಮುಂದೆ ನಿಂತಾಗ ಕೈ ನಡುಗಿತು, ಆದರೂ ಎಷ್ಟೋ ವರ್ಷದ ಮೇಲೆ ನಮ್ಮ ಜಾಗಕ್ಕೆ ಬಂದ ಹಾಗೆ ಆಯಿತು ಎಂಬುದೂ ಅಷ್ಟೇ ಸತ್ಯ.

ಹೊರಗಿನ ಕೆಲಸ ಸೇರಿತು. ಮನೆಯ ಕೆಲಸದಲ್ಲಿ ಒಂದಾದರೂ ಕಡಿಮೆಯಾಯಿತಾ? ಇಲ್ಲ. ಸುಬ್ಹಿಗೆ ಮೊದಲು ಎದ್ದು ತಿಂಡಿ, ಬುತ್ತಿ. ಏಳು ಗಂಟೆಗೆ ಮದ್ರಸ. ಒಂಬತ್ತೂ ಕಾಲಿಗೆ ಬಂದು ಪಾತ್ರೆ, ಬಟ್ಟೆ, ಮೀನು, ಮಧ್ಯಾಹ್ನದ ಅಡುಗೆ. ಎರಡು ಗಂಟೆಗೆ ದೊಡ್ಡ ಹೆಂಗಸರ ತರಗತಿ. ಅಸರಿಗೆ ವಾಪಸ್. ರಾತ್ರಿ ಮಗನ ಲೆಕ್ಕದ ಪುಸ್ತಕ. ಮದ್ರಸದ ರಜೆ ಶುಕ್ರವಾರ, ಶಾಲೆಯ ರಜೆ ಭಾನುವಾರ. ನಮಗೆ ರಜೆ ಇರುವ ದಿನ ಮಕ್ಕಳಿಗೆ ಬುತ್ತಿ ಕಟ್ಟಬೇಕು, ಮಕ್ಕಳಿಗೆ ರಜೆ ಇರುವ ದಿನ ನಾವು ತರಗತಿಯಲ್ಲಿ. ವಾರದಲ್ಲಿ ಒಂದು ದಿನವೂ ಎಲ್ಲರಿಗೂ ಒಟ್ಟಿಗೆ ಬಿಡುವು ಎಂದು ಇಲ್ಲ. ಮದ್ರಸದಲ್ಲಿ ಕಲಿಸುವ ತಾಯಂದಿರಿಗೆಲ್ಲ ಇದು ಗೊತ್ತಿರುವ ಸಂಗತಿ.

ಇಷ್ಟು ಕೆಲಸದಲ್ಲಿ ಏನನ್ನಾದರೂ ಬಿಡಲೇಬೇಕಿತ್ತು. ಮೊದಲು ಬಿಟ್ಟದ್ದು ಕ್ರೋಶಾ. ಅದರಿಂದ ಯಾರಿಗೂ ತೊಂದರೆ ಆಗಲಿಲ್ಲವಲ್ಲ. ಅಡುಗೆ ಬಿಟ್ಟರೆ ಐದು ಜನ ಕೇಳುತ್ತಾರೆ. ಪಾಠ ಬಿಟ್ಟರೆ ಕಮಿಟಿಯವರು ಕೇಳುತ್ತಾರೆ. ಹೆಣಿಗೆ ಬಿಟ್ಟರೆ ಕೇಳುವವರು ಯಾರು? ನೂಲಿನ ಚೀಲ ಕಪಾಟಿನ ಮೇಲೆ ಹೋಯಿತು. ಒಂದೂವರೆ ವರ್ಷ ಅಲ್ಲಿಯೇ ಇತ್ತು. ಆ ಒಂದೂವರೆ ವರ್ಷದಲ್ಲಿ ನಾವು ಮಕ್ಕಳ ಮೇಲೆ ರೇಗಿದಷ್ಟು ಅದಕ್ಕೆ ಮೊದಲು ಯಾವತ್ತೂ ರೇಗಿರಲಿಲ್ಲ. ತರಗತಿಯಲ್ಲಿ ತಪ್ಪು ಓದಿದ ಒಂದು ಸಣ್ಣ ಹುಡುಗಿಯನ್ನು ಎಲ್ಲರ ಮುಂದೆ ಗದರಿಸಿದೆವು. ಅವಳು ಎರಡು ದಿನ ಬರಲಿಲ್ಲ. ಮೂರನೆಯ ದಿನ ಅವಳ ಮನೆಗೆ ಹೋಗಿ ಕರೆದುಕೊಂಡು ಬಂದೆವು. ತಪ್ಪು ಅವಳದ್ದಲ್ಲ ಎಂದು ಅವಳ ಉಮ್ಮನಿಗೆ ಹೇಳುವಾಗ ನಾಚಿಕೆ ಆಯಿತು.

ಇದು ನಮ್ಮೊಬ್ಬರ ಮನೆಯ ಕಥೆ ಎಂದು ಯಾರೂ ತಿಳಿಯಬೇಡಿ. ಜನರು ದಿನದ ಸಮಯವನ್ನು ಯಾವುದಕ್ಕೆ ಕಳೆಯುತ್ತಾರೆ ಎಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ದೇಶವಿಡೀ ಸಮೀಕ್ಷೆ ಮಾಡಿತ್ತು. ಸಂಬಳ ಇಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಆಗ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಅಂದರೆ ಐದು ಗಂಟೆಗೆ ಒಂದು ನಿಮಿಷ ಕಡಿಮೆ. ಅದೇ ಕೆಲಸ ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಅದೂ ಮಾಡುವವರ ಲೆಕ್ಕ ಮಾತ್ರ. ನೂರು ಗಂಡಸರಲ್ಲಿ ಆ ದಿನ ಮನೆಗೆಲಸಕ್ಕೆ ಕೈ ಹಾಕಿದವರು 26 ಮಂದಿ, ಹೆಂಗಸರಲ್ಲಿ 81 ಮಂದಿ. ಈ ಲೆಕ್ಕ ಎಲ್ಲ ಜಾತಿ ಧರ್ಮದವರದ್ದು. ನಮ್ಮಲ್ಲಿ ಮಾತ್ರ ಹೀಗೆ ಎಂದು ಬೇರೆಯವರು ಹೇಳುವ ಹಾಗಿಲ್ಲ, ನಮ್ಮಲ್ಲಿ ಹೀಗಿಲ್ಲ ಎಂದು ನಾವು ಹೇಳುವ ಹಾಗೂ ಇಲ್ಲ.

ಗಂಡಸರಿಗೆ ಗೊತ್ತಿಲ್ಲ, ಅವರು ಹೇಗೆ ಮಾಡುತ್ತಾರೆ ಎಂದು ಮಾಮಿಯಂದಿರು ಹೇಳುವುದುಂಟು. ಇದಕ್ಕೆ ಬ್ಯಾರಿಗಳ ಮನೆಯಲ್ಲಿಯೇ ಒಳ್ಳೆಯ ಉತ್ತರ ಉಂಟು. ಗಲ್ಫಿಗೆ ಹೋದ ನಮ್ಮ ಗಂಡಸರು ಅಲ್ಲಿ ಎಂತ ಮಾಡಿದರು? ಒಂದು ರೂಮಿನಲ್ಲಿ ಎಂಟು ಜನ, ಅಡುಗೆಗೆ ಸರದಿ. ಶನಿವಾರ ಒಬ್ಬರು, ಭಾನುವಾರ ಇನ್ನೊಬ್ಬರು. ಅಕ್ಕಿ ತೊಳೆದವರು ಅವರು, ಮೀನು ಮಾಡಿದವರು ಅವರು, ಶುಕ್ರವಾರ ಎಂಟು ಜನರಿಗೆ ಬಿರಿಯಾನಿ ದಮ್ ಹಾಕಿದವರು ಅವರು. ಬಟ್ಟೆ ಒಗೆದು ಇಸ್ತ್ರಿ ಹಾಕಿಕೊಂಡವರೂ ಅವರೇ. ವಿಮಾನ ಮಂಗಳೂರಿನಲ್ಲಿ ಇಳಿದ ಕೂಡಲೇ ಉಪ್ಪಿನ ಡಬ್ಬಿ ಎಲ್ಲಿ ಉಂಟು ಎಂದು ಗೊತ್ತಾಗುವುದಿಲ್ಲ!

ಈ ಮಾತನ್ನು ಒಂದು ರಾತ್ರಿ ನಮ್ಮ ಮನೆಯವರ ಹತ್ತಿರ ಹೇಳಿದೆವು. ಜಗಳಕ್ಕೆ ಹೇಳಿದ್ದಲ್ಲ. ಆ ದಿನ ಪಾತ್ರೆ ತೊಳೆಯುವಾಗ ಕಣ್ಣಲ್ಲಿ ನೀರು ಬಂದಿತ್ತು, ಏನಾಯಿತು ಎಂದು ಅವರೇ ಕೇಳಿದ್ದಕ್ಕೆ ಹೇಳಿದ್ದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ರೂಮಿನಲ್ಲಿ ನನ್ನ ಸರದಿ ಮಂಗಳವಾರ ಇತ್ತು” ಎಂದರು. ಅಷ್ಟೇ. ಮರು ಮಂಗಳವಾರ ಅಂಗಡಿಯಿಂದ ಬೇಗ ಬಂದು ಬಂಗುಡೆ ಸಾರು ಮಾಡಿದರು. ಖಾರ ಜಾಸ್ತಿಯಾಗಿತ್ತು. ಯಾರೂ ಏನೂ ಹೇಳಲಿಲ್ಲ. ಮಾಮಿ ಮಾತ್ರ ಎರಡು ವಾರ ಮುಖ ಊದಿಸಿಕೊಂಡಿದ್ದರು. ಮಗ ಸೌಟು ಹಿಡಿದದ್ದನ್ನು ನೋಡಿ ಅವರಿಗೆ ಬೇಸರವಾಗಿತ್ತು. ಈಗ ಅವರೇ “ಇವತ್ತು ಮಂಗಳವಾರ ಅಲ್ವಾ?” ಎಂದು ಕೇಳುತ್ತಾರೆ. ರಾತ್ರಿಯ ಪಾತ್ರೆ ಈಗ ದೊಡ್ಡ ಮಗನ ಪಾಲಿಗೆ, ಬಟ್ಟೆ ಮಡಚುವುದು ಚಿಕ್ಕವನ ಪಾಲಿಗೆ. ಮಗಳಿಗೆ ಮಾತ್ರ ಹೇಳಿ ಗಂಡು ಮಕ್ಕಳನ್ನು ಬಿಡುವ ಅಭ್ಯಾಸ ನಮ್ಮಲ್ಲಿಯೂ ಇತ್ತು. ಅದು ನಮ್ಮದೇ ತಪ್ಪು, ಅದನ್ನು ಮಾಮಿಯ ಮೇಲೆ ಹಾಕುವುದು ನ್ಯಾಯ ಅಲ್ಲ.

ಕಪಾಟಿನ ಮೇಲಿನ ಚೀಲ ಕೆಳಗೆ ಬಂದದ್ದು ಅದರ ನಂತರ.

ಮನೆಗೆಲಸಕ್ಕೆ ಕೈ ಹಾಕಿದರೆ ಗಂಡಸಿನ ಮರ್ಯಾದೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ, ನಮ್ಮ ಮದ್ರಸದ ಮಕ್ಕಳಿಗೂ ಗೊತ್ತಿರುವ ಉತ್ತರ ಉಂಟು. ಪ್ರವಾದಿಯವರು ಮನೆಯಲ್ಲಿ ಎಂತ ಮಾಡುತ್ತಿದ್ದರು ಎಂದು ಆಯಿಷಾರಲ್ಲಿ ಕೇಳಿದಾಗ, ಮನೆಯವರ ಕೆಲಸದಲ್ಲಿ ಇರುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು ಎಂದು ಅವರು ಹೇಳಿದ್ದು ಬುಖಾರಿಯಲ್ಲಿದೆ. ಹೆಣ್ಣಿನ ಕೈಯ ದುಡಿಮೆಯೂ ಹೊಸದಲ್ಲ. ಇಬ್ನ್ ಮಸ್ಊದರ ಪತ್ನಿ ಝೈನಬ್ ತಮ್ಮ ದುಡ್ಡನ್ನು ಗಂಡನಿಗೂ ತಮ್ಮ ಆಸರೆಯಲ್ಲಿದ್ದ ಅನಾಥ ಮಕ್ಕಳಿಗೂ ಖರ್ಚು ಮಾಡಬಹುದಾ ಎಂದು ಕೇಳಿದಾಗ, ಅದರಲ್ಲಿ ಎರಡು ಪಟ್ಟು ಪ್ರತಿಫಲ ಉಂಟು ಎಂಬ ಉತ್ತರ ಬಂತು. ಹಕ್ಕು ಎಂದಲ್ಲ, ಸದಕ ಎಂದು. ಹೆಂಡತಿಯ ಸಂಬಳ ಗಂಡನದ್ದೇ ಎಂದು ಎಟಿಎಂ ಕಾರ್ಡು ಇಟ್ಟುಕೊಳ್ಳುವವರು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ಹೆಣಿಗೆಯ ವಿಷಯಕ್ಕೆ ಬಂದರೆ ಇನ್ನೊಂದು ಮಾತು ಕೇಳಿ ಬರುತ್ತದೆ. “ಇಷ್ಟು ಚಂದ ಮಾಡುತ್ತೀರಿ, ಇನ್‌ಸ್ಟಾಗ್ರಾಮಿನಲ್ಲಿ ಹಾಕಿ ಮಾರಿ” ಎಂದು. ಹೇಳುವವರದ್ದು ಒಳ್ಳೆಯ ಮನಸ್ಸೇ. ಮಾರುವವರು ಮಾರಲಿ, ದುಡ್ಡಿನ ಅಗತ್ಯ ಇರುವವರು ಖಂಡಿತ ಮಾರಬೇಕು. ಆದರೆ ಲೆಕ್ಕ ಸರಿ ಹಾಕಬೇಕು. ನಮ್ಮ ಕೈಯಲ್ಲಿ ಒಂದು ಟೊಪ್ಪಿಗೆ ಎಂಟು ಗಂಟೆ ಬೇಕು. ಕೇಳುವವರು ನೂರೈವತ್ತು ರೂಪಾಯಿ ಎನ್ನುತ್ತಾರೆ. ನೂಲಿನ ಐವತ್ತು ಕಳೆದರೆ ಗಂಟೆಗೆ ಹನ್ನೆರಡೂವರೆ ರೂಪಾಯಿ. ಪುರುಸೊತ್ತಿನಲ್ಲಿ ಮಾಡಿದ್ದಲ್ವಾ, ಎಷ್ಟಾದರೂ ಕೊಡಿ ಎಂದು ನಾವೇ ಹೇಳಿಬಿಡುತ್ತೇವೆ.

ಡಿಗ್ರಿ ಓದುವ ನಮ್ಮ ಮಗಳು ಒಂದು ಪುಸ್ತಕದ ವಿಷಯ ಹೇಳಿದಳು. ಆಂಧ್ರದ ನರಸಾಪುರದಲ್ಲಿ ಕ್ರೋಶಾ ಲೇಸ್ ಹೆಣೆಯುವ ಹೆಂಗಸರ ಬಗ್ಗೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಬರೆದದ್ದು. ಆ ಲೇಸ್ ವಿದೇಶಕ್ಕೆ ಹೋಗುತ್ತಿತ್ತು, ವ್ಯಾಪಾರಿಗಳು ಬೆಳೆದರು. ಹೆಣೆಯುವವರು ದಿನಕ್ಕೆ ಆರರಿಂದ ಎಂಟು ಗಂಟೆ ಕೂರುತ್ತಿದ್ದರು. ಆದರೆ ಅವರು ಗೃಹಿಣಿಯರು, ಬಿಡುವಿನ ಸಮಯದಲ್ಲಿ ಏನೋ ಮಾಡುತ್ತಾರೆ ಎಂದೇ ಎಲ್ಲರೂ ಹೇಳುತ್ತಿದ್ದರು. ಹಾಗೆ ಹೇಳಿದ್ದರಿಂದ ಕೂಲಿ ಕಡಿಮೆ ಕೊಟ್ಟರೂ ನಡೆಯಿತು. ನಮ್ಮ ಬೀಡಿಯ ಕಥೆಯೂ ಇದಕ್ಕಿಂತ ತುಂಬ ದೂರ ಇಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಹೆಣೆದದ್ದನ್ನು ಮಾರುವುದಾದರೆ ಅದು ದುಡಿಮೆ, ಗಂಟೆ ಲೆಕ್ಕ ಹಾಕಿ ಬೆಲೆ ಕೇಳಬೇಕು. ಸಂತೋಷಕ್ಕೆ ಹೆಣೆಯುವುದಾದರೆ ಅದಕ್ಕೆ ಬೆಲೆ ಕಟ್ಟಲಿಕ್ಕೆ ಯಾರೂ ಬರಬಾರದು. ಗಂಡಸರು ಅಸರಿನ ನಂತರ ಮೈದಾನದಲ್ಲಿ ವಾಲಿಬಾಲ್ ಆಡುತ್ತಾರೆ, ರಾತ್ರಿ ಪೇಟೆಯ ಅಂಗಡಿ ಜಗಲಿಯಲ್ಲಿ ಕೂತು ಚಾ ಕುಡಿಯುತ್ತಾರೆ. ಅದಕ್ಕೆ ಎಷ್ಟು ಸಿಗುತ್ತದೆ ಎಂದು ನಾವು ಕೇಳಿದ್ದುಂಟಾ? ದಣಿದ ಮನುಷ್ಯನಿಗೆ ಸ್ವಲ್ಪ ಹೊತ್ತು ಬೇಕು ಎಂದು ನಮಗೆ ಗೊತ್ತು. ಆ ತಿಳಿವಳಿಕೆ ನಮ್ಮ ವಿಷಯದಲ್ಲಿಯೂ ಇರಲಿ ಎಂದು ಕೇಳುವುದು ಜಾಸ್ತಿಯಾಗಲಿಕ್ಕಿಲ್ಲ.

ಮದ್ರಸ, ಶಾಲೆ ನಡೆಸುವ ಕಮಿಟಿಯವರಲ್ಲಿಯೂ ಒಂದು ವಿನಂತಿ. ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ತಿದ್ದುಪಡಿ ಬಂದು ಮೊದಲ ಎರಡು ಹೆರಿಗೆಗೆ ಸಂಬಳ ಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಸಣ್ಣ ಸಂಸ್ಥೆಗಳಿಗೆ ಅದು ಅನ್ವಯಿಸುತ್ತದಾ ಎಂಬ ವಾದಕ್ಕೆ ನಾವು ಹೋಗುವುದಿಲ್ಲ. ಅದರ ಹಿಂದಿನ ವಿಚಾರವನ್ನಾದರೂ ತೆಗೆದುಕೊಳ್ಳಬಹುದಲ್ಲ. ಹೆರಿಗೆಗೆ ಹೋದ ಟೀಚರ್‌ಗೆ, ನಿಮ್ಮ ಜಾಗ ಇಲ್ಲಿಯೇ ಇರುತ್ತದೆ ಎಂದು ಹೇಳಲಿಕ್ಕೆ ದುಡ್ಡು ಬೇಡ. ಸಣ್ಣ ಮಗು ಇರುವವರಿಗೆ ಎರಡು ತರಗತಿಗಳ ಮಧ್ಯೆ ಅರ್ಧ ಗಂಟೆ ಬಿಡಲಿಕ್ಕೆ, ಒಂದು ಮೂಲೆಯಲ್ಲಿ ತೊಟ್ಟಿಲು ಕಟ್ಟಲಿಕ್ಕೆ ದೊಡ್ಡ ಬಜೆಟ್ ಬೇಡ. ನಾವು ಬಿಟ್ಟ ಹದಿನೈದು ವರ್ಷದಲ್ಲಿ ಎಷ್ಟು ಮಕ್ಕಳಿಗೆ ಕಲಿಸಬಹುದಿತ್ತು ಎಂದು ಒಮ್ಮೊಮ್ಮೆ ಎಣಿಸುತ್ತೇವೆ. ಆ ನಷ್ಟ ನಮಗೆ ಮಾತ್ರ ಅಲ್ಲ, ಜಮಾಅತಿಗೂ ಆದದ್ದು.

ಮನೆ ಹಿರಿಯರಲ್ಲಿ ಒಂದು ಮಾತು. ಸೂರಃ ನಹ್ಲ್‌ನ 92ನೆಯ ವಚನದಲ್ಲಿ, ಗಟ್ಟಿಯಾಗಿ ನೂತ ನೂಲನ್ನು ತಾನೇ ಬಿಚ್ಚಿ ಎಳೆ ಎಳೆ ಮಾಡಿದ ಹೆಣ್ಣಿನ ಹೋಲಿಕೆ ಬರುತ್ತದೆ. ಕೊಟ್ಟ ಮಾತನ್ನು ಮುರಿಯಬೇಡಿ ಎನ್ನುವುದು ಅಲ್ಲಿಯ ಪಾಠ. ಆ ವಚನ ಕಲಿಸುವಾಗ ನಮಗೆ ನಮ್ಮ ಮದುವೆಯ ಮಾತುಕತೆ ನೆನಪಾಗುತ್ತದೆ. ಹುಡುಗಿ ಮದುವೆಯ ನಂತರ ಓದಬಹುದು, ಕಲಿಸಬಹುದು, ಕೆಲಸಕ್ಕೆ ಹೋಗಬಹುದು ಎಂದು ಚಾ ಕುಡಿಯುತ್ತಾ ಸುಲಭದಲ್ಲಿ ಹೇಳುತ್ತೇವೆ. ಹಾಗೆ ಹೇಳಿದವರು ಅವಳ ಮಗು ಅಳುವಾಗ ಎತ್ತಿಕೊಳ್ಳಲಿಕ್ಕೂ ಬರಬೇಕು. ಹೋಗು ಎಂದು ಹೇಳಿ ಹೋಗಲಿಕ್ಕೆ ಆಗದ ಹಾಗೆ ಬಿಟ್ಟರೆ, ಅದು ಮಾತು ಮುರಿದ ಹಾಗೆಯೇ.

ಕೊನೆಗೆ ನಮ್ಮಂಥ ಹೆಂಗಸರಲ್ಲಿ. ಕೆಲಸಕ್ಕೆ ತಿರುಗಿ ಹೋಗುವಾಗ ಎಲ್ಲವನ್ನೂ ಮೊದಲಿನ ಹಾಗೆಯೇ ಮಾಡಿ ತೋರಿಸುತ್ತೇವೆ ಎಂದು ಹಟ ಬೇಡ. ಒಂದು ದಿನ ಪತ್ತಿರ್ ಬದಲು ಬ್ರೆಡ್ ತಿಂದರೆ ಯಾರೂ ಸೊರಗುವುದಿಲ್ಲ. ಕೆಲಸ ಹಂಚುವುದಕ್ಕೆ ಬಾಯಿ ಬಿಟ್ಟು ಕೇಳಬೇಕು, ಕೇಳದೆ ಸಿಟ್ಟು ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಾವು ಒಂದೂವರೆ ವರ್ಷ ಮಾಡಿದ ತಪ್ಪು ಅದು. ಹಂಚಿದ ಮೇಲೆ ಬಂದ ಅರ್ಧ ಗಂಟೆಯನ್ನು ಇನ್ನೊಂದು ಕೆಲಸಕ್ಕೆ ಕೊಡಬೇಡಿ. ಕ್ರೋಶಾ ಆಗಲಿ, ಕಸೂತಿ ಆಗಲಿ, ಗಿಡಕ್ಕೆ ನೀರು ಹಾಕುವುದಾಗಲಿ, ಪುಸ್ತಕ ಆಗಲಿ, ನಿಮಗೆ ಇಷ್ಟವಾದದ್ದಕ್ಕೆ ಇಟ್ಟುಕೊಳ್ಳಿ.

ಕಳೆದ ಶುಕ್ರವಾರ ಉಮ್ಮನ ಮನೆಗೆ ಹೋಗಿದ್ದೆವು. ನಾವು ಹೆಣೆಯುವುದನ್ನು ನೋಡಿ ಕಡ್ಡಿ ಕೇಳಿದರು. ಎಪ್ಪತ್ತು ದಾಟಿದ ಬೆರಳುಗಳು, ಆದರೂ ಬೇಗ ಹಿಡಿದವು. ಮೂರು ಸುತ್ತು ಹಾಕಿದರು. ಅಂಚು ನೆರಿಗೆ ಬಿತ್ತು. ಬಿಚ್ಚಿ ಪುನಃ ಹಾಕಿದರು. ಅಡುಗೆ ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ಅವರು ಏಳಲಿಲ್ಲ. ತಮ್ಮ ಹೋಗಿ ಒಲೆ ಆರಿಸಿ ಬಂದ.

“ಯಾರಿಗೆ ಉಮ್ಮ ಇದು?” ಎಂದು ಕೇಳಿದೆವು.

“ಯಾರಿಗೂ ಅಲ್ಲ. ಸುಮ್ಮನೆ” ಎಂದರು.